ಬೇಡ ಅಂದವರು ನಾವು, ಕಳಿಸಿದ್ಯಾಕೆ ಅಂತ ಕೇಳುವವರೂ ನಾವೇ

"ನಮ್ಮ ದೇಶದ ಮಕ್ಕಳನ್ನ ಫಾರಿನ್ನಿನವರಿಗೆ ಯಾಕ್ರೀ ದತ್ತು ಕೊಡ್ತಾರೆ? ಇಲ್ಲಿ ಜನ ಇಲ್ವಾ?"

ಈ ಪ್ರಶ್ನೆಯನ್ನ ಕಳೆದ ಕೆಲವು ವರ್ಷಗಳಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೀನೋ ಲೆಕ್ಕ ಇಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಹಾಸನದ ಬಸ್ಸಿನಲ್ಲಿ ಪಕ್ಕ ಕೂತವರ ಬಾಯಲ್ಲಿ. ಕೇಳುವವರ ಮುಖದಲ್ಲಿ ದೇಶಾಭಿಮಾನ ಉಕ್ಕುತ್ತಿರುತ್ತೆ. ಕೋಪ ಬರೋದು ಸಹಜವೇ. ಆದರೆ ಉತ್ತರ ಕೇಳಿದ ಮೇಲೆ ಆ ಕೋಪ ಯಾರ ಮೇಲೆ ಬರಬೇಕು ಅನ್ನೋದು ಬದಲಾಗಬೇಕು. ಉತ್ತರ ಇಷ್ಟೇ ಸ್ವಾಮಿ: ಇಲ್ಲಿ ಜನ ಇದ್ದಾರೆ, ಬೇಕಾದಷ್ಟು ಇದ್ದಾರೆ. ಅವರಿಗೆ ಆ ಮಗು ಬೇಡವಾಗಿತ್ತು.

ಇದು ನಮ್ಮ ಮನೆಯದೇ ವಿಷಯ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿದ್ದೀನಿ. ನನ್ನ ಅಕ್ಕ, ಭಾವ ಅಮೆರಿಕದಲ್ಲಿದ್ದಾರೆ. ಇಬ್ಬರೂ ಅಲ್ಲಿನ ಪ್ರಜೆಗಳು, ಕೈಯಲ್ಲಿ ಓಸಿಐ ಕಾರ್ಡು. ಭಾರತದಿಂದಲೇ ಒಂದು ಮಗುವನ್ನ ದತ್ತು ತಗೋಬೇಕು ಅಂತ 2020ರಲ್ಲಿ ತೀರ್ಮಾನ ಮಾಡಿದರು. 2022ರಲ್ಲಿ ಅವರಿಗೆ ಒಂದು ಮಗುವಿನ ವಿವರ ಬಂತು. ಆ ಮಗು ಈಗ ನಮ್ಮ ಮನೆ ಮಗಳು. ಅವಳ ಹೆಸರು, ಹುಟ್ಟಿದ ಊರು ಬರೆಯೋದಿಲ್ಲ. ಅದು ಅವಳ ಕಥೆ, ದೊಡ್ಡವಳಾದ ಮೇಲೆ ಬೇಕಿದ್ದರೆ ಅವಳೇ ಹೇಳಿಕೊಳ್ತಾಳೆ. ಇಲ್ಲಿ ಪುಟ್ಟಿ ಅಂತ ಕರೀತೀನಿ.

ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಇದರ ಬಗ್ಗೆ ನಮ್ಮಲ್ಲಿ ಸಿನಿಮಾ ಕಲ್ಪನೆಗಳೇ ಜಾಸ್ತಿ. ಅನಾಥಾಶ್ರಮಕ್ಕೆ ಹೋಗಿ, ಸಾಲಾಗಿ ನಿಂತ ಮಕ್ಕಳಲ್ಲಿ ಒಂದು ಓಡಿಬಂದು ಸೆರಗು ಹಿಡಿದು, ಹಿನ್ನೆಲೆಯಲ್ಲಿ ಪಿಟೀಲು... ಅಂಥದ್ದೇನೂ ಇಲ್ಲ. ದೆಹಲಿಯಲ್ಲಿ 'ಕಾರಾ' ಅಂತ ಕೇಂದ್ರ ಸರ್ಕಾರದ ಪ್ರಾಧಿಕಾರ ಇದೆ. ಅದರದ್ದೊಂದು ಆನ್‌ಲೈನ್ ವ್ಯವಸ್ಥೆ, ಹೆಸರು ಕೇರಿಂಗ್ಸ್. 2015ರ ಆಗಸ್ಟಿನಿಂದ ದೇಶದ ಎಲ್ಲ ದತ್ತು ಸಂಸ್ಥೆಗಳ ಮಕ್ಕಳೂ, ಮಗು ಬೇಕೆಂದು ನೋಂದಾಯಿಸಿದ ಎಲ್ಲ ದಂಪತಿಗಳೂ ಅದರೊಳಗೇ ಬರಬೇಕು. ನಿಮ್ಮ ಸರದಿ ಬಂದಾಗ ಮಗುವಿನ ಫೋಟೋ, ಹಿನ್ನೆಲೆಯ ವರದಿ, ವೈದ್ಯಕೀಯ ವರದಿ ನಿಮಗೆ ಕಾಣಿಸುತ್ತೆ. ಒಪ್ಪಿದರೆ ಆ ಮಗುವನ್ನ ನಿಮ್ಮ ಹೆಸರಿಗೆ ಕಾಯ್ದಿರಿಸಬೇಕು. ಆಗ ಜಾರಿಯಲ್ಲಿದ್ದ 2017ರ ನಿಯಮಗಳ ಪ್ರಕಾರ ಭಾರತದಲ್ಲಿರುವವರಿಗೆ 48 ಗಂಟೆ, ಹೊರದೇಶದವರಿಗೆ 96 ಗಂಟೆ ಗಡುವು. ಅಷ್ಟರೊಳಗೆ ಒತ್ತದಿದ್ದರೆ ಆ ಪುಟ ತಾನಾಗೇ ಮುಚ್ಚಿಹೋಗುತ್ತೆ.

ಈಗ ಮುಖ್ಯ ವಿಷಯ. ಮಗು ಮೊದಲು ಯಾರಿಗೆ ಕಾಣಿಸಬೇಕು ಅನ್ನೋದಕ್ಕೂ ನಿಯಮ ಇದೆ. ಸ್ವದೇಶದವರಿಗೆ ಮೊದಲ ಆದ್ಯತೆ. ಇದು ಇವತ್ತಿನದಲ್ಲ. ಲಕ್ಷ್ಮಿಕಾಂತ್ ಪಾಂಡೆ ಅನ್ನೋ ವಕೀಲರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು, ದತ್ತಿನ ಹೆಸರಲ್ಲಿ ನಮ್ಮ ಮಕ್ಕಳನ್ನ ಹೊರದೇಶಗಳಿಗೆ ಸಾಗಿಸುವ ಅಕ್ರಮ ನಡೀತಿದೆ ಅಂತ. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ತಗೊಂಡಿತು. 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಕೊಟ್ಟ ತೀರ್ಪಿನಲ್ಲೇ ಇದೆ: ಮೊದಲು ದೇಶದೊಳಗೆ ಮನೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ. 2003ರಲ್ಲಿ ಭಾರತ ಒಪ್ಪಿ ಸಹಿ ಖಾಯಂ ಮಾಡಿದ ಹೇಗ್ ಒಪ್ಪಂದದ ಮೂಲ ತತ್ವವೂ ಇದೇ. 2017ರ ನಿಯಮಗಳು ಇದನ್ನ ದಿನಗಳ ಲೆಕ್ಕಕ್ಕೆ ಇಳಿಸಿದವು. ಆರೋಗ್ಯವಂತ ಪುಟ್ಟ ಮಗುವಾದರೆ 60 ದಿನ, ಐದು ವರ್ಷ ದಾಟಿದ ಮಗು ಅಥವಾ ಒಡಹುಟ್ಟಿದವರಾದರೆ 30 ದಿನ, ವಿಶೇಷ ಅಗತ್ಯದ ಮಗುವಾದರೆ 15 ದಿನ. ಅಷ್ಟು ದಿನದಲ್ಲಿ ಇಲ್ಲಿ ಯಾರೂ ತಗೊಳ್ಳದಿದ್ದರೆ ಮಾತ್ರ ಹೊರದೇಶದವರ ಪಟ್ಟಿಗೆ ಬಿಡುಗಡೆ.

ಅಂದರೆ ನನ್ನ ಅಕ್ಕನ ಪರದೆ ಮೇಲೆ ಪುಟ್ಟಿ ಮುಖ ಬಂತು ಅಂದರೆ ಅರ್ಥ ಏನು? ಅದಕ್ಕೂ ಮೊದಲು ಇಷ್ಟು ದೊಡ್ಡ ದೇಶದಲ್ಲಿ ಯಾರೂ ಅವಳಿಗೆ ಹೂಂ ಅಂದಿರಲಿಲ್ಲ ಅಂತ.

ಅವಳಿಗೆ ಏನಾಗಿತ್ತು ಅಂತೀರಾ? ಸೀಳು ತುಟಿ, ಸೀಳು ಅಂಗುಳು. ತುಟಿಯ ಆಪರೇಷನ್ ಆಗಿತ್ತು, ಅಂಗುಳಿನದ್ದು ಬಾಕಿ. ಎರಡೂವರೆ ವರ್ಷ. ಬಣ್ಣ ಕಪ್ಪು. ಅಷ್ಟೇ. ಜಗತ್ತಿನಲ್ಲಿ ಹೆಚ್ಚುಕಡಿಮೆ 700 ಮಕ್ಕಳಲ್ಲಿ ಒಂದು ಹೀಗೆ ಹುಟ್ಟುತ್ತೆ. ಶಸ್ತ್ರಚಿಕಿತ್ಸೆ ಇದೆ, ಆಮೇಲೆ ಮಾತಿನ ತರಬೇತಿ ಇದೆ, ಹಲ್ಲಿನ ಸಾಲಿಗೆ ಚಿಕಿತ್ಸೆ ಇದೆ. ಖರ್ಚು, ಓಡಾಟ, ತಾಳ್ಮೆ ಬೇಕು, ಇಲ್ಲ ಅನ್ನಲ್ಲ. ಆದರೆ ಇದು ಬದುಕನ್ನೇ ನಿಲ್ಲಿಸುವ ಕಾಯಿಲೆ ಅಲ್ಲ.

ಆ 96 ಗಂಟೆಯಲ್ಲಿ ಬೆಂಗಳೂರಿನಲ್ಲಿ ಓಡಾಡಿದವನು ನಾನು. ವೈದ್ಯಕೀಯ ವರದಿಯನ್ನ ಇಲ್ಲಿನ ವೈದ್ಯರಿಗೂ ತೋರಿಸು ಅಂತ ಅಕ್ಕ ಕಳಿಸಿದ್ದಳು. ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವೈದ್ಯರು ಎರಡು ನಿಮಿಷ ನೋಡಿ, "ಏನಕ್ಕಪ್ಪಾ ಈ ರಿಸ್ಕು? ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೇದು ಸಿಗುತ್ತೆ ಅಂತ ಹೇಳಿ ನಿಮ್ಮಕ್ಕನಿಗೆ" ಅಂದರು. ಒಳ್ಳೇದು! ಮಗುವಿನ ವಿಷಯ ಮಾತಾಡ್ತಿದ್ದಾರೋ ಸೆಕೆಂಡ್ ಹ್ಯಾಂಡ್ ಕಾರಿನದ್ದೋ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ಮಾರನೇ ದಿನ ಇನ್ನೊಬ್ಬರು, ಪ್ಲಾಸ್ಟಿಕ್ ಸರ್ಜನ್, ಮುಕ್ಕಾಲು ಗಂಟೆ ಕೂತು ಯಾವ ವಯಸ್ಸಿಗೆ ಏನು ಮಾಡಬೇಕಾಗುತ್ತೆ ಅಂತ ಹಾಳೆ ಮೇಲೆ ಬರೆದುಕೊಟ್ಟರು. ಫೀಸು ತಗೊಳ್ಳಲಿಲ್ಲ. ಇಬ್ಬರೂ ಓದಿದ್ದು ಒಂದೇ ವೈದ್ಯಶಾಸ್ತ್ರ.

ಇನ್ನು ಮನೆಯವರು. ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಸೋರಿತು ನೋಡಿ, ಶುರುವಾಯ್ತು. "ಯಾರ ರಕ್ತವೋ ಏನೋ" ಅಂತ ದೊಡ್ಡಪ್ಪ. "ಜಾತಿ ಯಾವುದು ಅಂತ ಬರೆದಿದ್ದಾರಾ?" ಅಂತ ಸೋದರಮಾವ. "ಹೆಣ್ಣು ಮಗು, ನಾಳೆ ಮದುವೆ ಮಾಡಬೇಕಲ್ಲ, ತುಟಿ ಮೇಲೆ ಗಾಯದ ಗುರುತು ಉಳಿಯುತ್ತಂತಲ್ಲ" ಅಂತ ಅತ್ತೆ. ಎರಡೂವರೆ ವರ್ಷದ ಮಗುವಿನ ಮದುವೆ ಚಿಂತೆ! ಒಬ್ಬರಂತೂ ಹುಟ್ಟಿದ ನಕ್ಷತ್ರ ಕೇಳಿದರು. ಹುಟ್ಟಿದ ದಿನಾಂಕವೇ ಅಂದಾಜಿನದ್ದು ಅಂದರೆ ಗಾಬರಿಯಾದರು.

ಅಮ್ಮ ಮಾತ್ರ ಫೋಟೋ ದೊಡ್ಡದು ಮಾಡಿ ನೋಡಿ ಕೇಳಿದ್ದು ಒಂದೇ: "ಈ ಮಗು ಈಗ ರಾತ್ರಿ ಯಾರ ಪಕ್ಕ ಮಲಗುತ್ತೆ?"

ಇಡೀ ಬಳಗದಲ್ಲಿ ಮಗುವಿನ ಬಗ್ಗೆ ಕೇಳಿದ ಏಕೈಕ ಪ್ರಶ್ನೆ ಅದು. ಮಿಕ್ಕಿದ್ದೆಲ್ಲ ನಮ್ಮ ಬಗ್ಗೆ. ನಮ್ಮ ವಂಶ, ನಮ್ಮ ಜಾತಿ, ನಮ್ಮ ಮಾನ, ನಾಲ್ಕು ಜನ ಏನಂತಾರೆ. ನನ್ನ ತಕರಾರು ಇರೋದೇ ಇಲ್ಲಿ. ದತ್ತು ಅಂದರೆ ಮಕ್ಕಳಿಲ್ಲದ ಮನೆಗೆ ಮಗು ತಂದುಕೊಡುವ ಸೇವೆ ಅಂತ ನಾವು ತಿಳಿದಿದ್ದೀವಿ. ಅಲ್ಲ. ಮನೆ ಇಲ್ಲದ ಮಗುವಿಗೆ ಮನೆ ಹುಡುಕುವ ಕೆಲಸ ಅದು. ಗಿರಾಕಿ ಯಾರು ಅನ್ನೋದೇ ತಪ್ಪಾಗಿ ಬರೆದ ಮೇಲೆ ಪ್ರೋಗ್ರಾಮಿನ ಒಂದೊಂದು ಸಾಲೂ ತಪ್ಪೇ ಆಗುತ್ತೆ, ಎಷ್ಟು ಚೆನ್ನಾಗಿ ಕೋಡ್ ಬರೆದರೂ.

ತಮಾಷೆ ಅಂದರೆ ದತ್ತು ನಮಗೆ ಹೊಸದೇನಲ್ಲ. 1824ರಲ್ಲಿ ಕಿತ್ತೂರಿನ ದತ್ತು ಮಗನನ್ನ ಕುಂಪಣಿ ಸರ್ಕಾರ ಒಪ್ಪಲಿಲ್ಲ ಅಂತ ಚೆನ್ನಮ್ಮ ಯುದ್ಧವನ್ನೇ ಮಾಡಿದಳು. ಊರೂರಲ್ಲಿ ಅವಳ ಪ್ರತಿಮೆ ನಿಲ್ಲಿಸಿದ್ದೀವಿ. ಮೈಸೂರಿನ ಅರಮನೆಗೆ ಯದುವೀರರು ಬಂದಿದ್ದೂ 2015ರ ದತ್ತಿನಿಂದಲೇ, ಊರೆಲ್ಲ ಸಂಭ್ರಮಪಟ್ಟಿತು. ಆದರೆ ಅವೆಲ್ಲ ಬಂಧುಬಳಗದೊಳಗಿನ, ಗದ್ದುಗೆ ಉಳಿಸಿಕೊಳ್ಳುವ ದತ್ತು. ಯಾರು ಹೆತ್ತರೋ ಗೊತ್ತಿಲ್ಲದ ಮಗು ಅಂದ ಕೂಡಲೇ ನಮ್ಮ ಕೈ ಹಿಂದಕ್ಕೆ ಸರಿಯುತ್ತೆ. ನದಿಯಲ್ಲಿ ತೇಲಿಬಂದ ಮಗುವನ್ನ ಎತ್ತಿಕೊಂಡ ರಾಧೆಯ ಕಥೆ ಹೇಳಿಕೊಂಡು ಕಣ್ಣೀರಿಡುವ ಜನ ನಾವು. ಆ ರಾಧೆ ಜಾತಕ ಕೇಳಿದ್ದಳಾ?

ಈಗ ಅಂಕಿ ಅಂಶ. 2025ರ ಮಧ್ಯದ ಹೊತ್ತಿಗೆ ದತ್ತು ಬೇಕೆಂದು ಕಾರಾದಲ್ಲಿ ನೋಂದಾಯಿಸಿ ಕಾಯುತ್ತಿದ್ದವರು 36 ಸಾವಿರಕ್ಕೂ ಹೆಚ್ಚು. ದತ್ತಿಗೆ ಕಾನೂನುಬದ್ಧವಾಗಿ ಬಿಡುಗಡೆಯಾಗಿದ್ದ ಮಕ್ಕಳು ಮೂರು ಸಾವಿರಕ್ಕಿಂತ ಕಡಿಮೆ. ಸರಾಸರಿ ಕಾಯುವ ಅವಧಿ ಮೂರು ಮೂರೂವರೆ ವರ್ಷ. ಒಂದು ಮಗುವಿಗೆ ಹನ್ನೆರಡಕ್ಕಿಂತ ಹೆಚ್ಚು ಮನೆಗಳು ಕ್ಯೂ ನಿಂತಿವೆ ಅಂದಮೇಲೆ ಒಂದೂ ಮಗು ಉಳಿಯಬಾರದು ತಾನೇ? ಉಳಿಯುತ್ತಿದೆ. ಕ್ಯೂ ಅಷ್ಟುದ್ದ ಇದ್ದೂ ಮಗು ಉಳಿಯುತ್ತೆ ಅಂದರೆ ತಪ್ಪು ಕ್ಯೂನಲ್ಲಿಲ್ಲ, ಫಿಲ್ಟರಿನಲ್ಲಿದೆ. ಎಲ್ಲರಿಗೂ ಬೇಕಾದ್ದು ಎರಡು ವರ್ಷದೊಳಗಿನ, ಯಾವ ತೊಂದರೆಯೂ ಇಲ್ಲದ ಮಗು. ಉಳಿಯೋದು ಆರು ವರ್ಷದವನು, ಅಣ್ಣ ತಂಗಿ ಜೊತೆಗಿರುವವರು, ಕಿವಿ ಕೇಳದವಳು, ಸೀಳು ತುಟಿಯವಳು. 2024-25ರಲ್ಲಿ ದೇಶದಲ್ಲಿ ಒಟ್ಟು 4,515 ದತ್ತು ಆದವು, ಅದರಲ್ಲಿ 4,155 ದೇಶದೊಳಗೆ. ಹೊರದೇಶಕ್ಕೆ ಹೋಗಿದ್ದು ನೂರಕ್ಕೆ ಎಂಟು. ಹಾಗೆ ಹೊರಗೆ ಹೋಗುವವರಲ್ಲಿ ಬಹಳಷ್ಟು ಮಕ್ಕಳು ನಾವು ಬೇಡ ಅಂದ ಇಂಥವರೇ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಇಲ್ಲಿ ದತ್ತು ಹೋಗುವವರಲ್ಲಿ ಗಂಡಿಗಿಂತ ಹೆಣ್ಣುಮಕ್ಕಳೇ ಹೆಚ್ಚು. ಬಿಟ್ಟುಹೋಗುವುದೂ ಹೆಣ್ಣುಮಕ್ಕಳನ್ನೇ ಹೆಚ್ಚು ಅನ್ನೋದು ಅದರ ಇನ್ನೊಂದು ಮುಖ. ಆದರೂ ನಾವು ಬದಲಾಗಬಲ್ಲೆವು ಅನ್ನೋದಕ್ಕೆ ಅದೊಂದು ಸಾಕ್ಷಿ. ಹಾಗಾಗಿ ಉಳಿದಿದ್ದೂ ಬದಲಾಗಬಹುದು.

"ಹಾಗಾದ್ರೆ ತೋರಿಸಿದ ಮಗುವನ್ನ ಕಣ್ಣು ಮುಚ್ಚಿ ಒಪ್ಪಿಕೊಳ್ಳಬೇಕಾ?" ಅಂತ ಒಬ್ಬ ಗೆಳೆಯ ಜಗಳಕ್ಕೆ ಬಂದ. ಇಲ್ಲ ಮಾರಾಯ. ನಿಮ್ಮ ಶಕ್ತಿ ಎಷ್ಟು ಅಂತ ಮೊದಲೇ ಪ್ರಾಮಾಣಿಕವಾಗಿ ಹೇಳೋದು ತಪ್ಪಲ್ಲ, ಅದು ಕರ್ತವ್ಯ. ನಿಭಾಯಿಸಲಾಗದ ಮನೆಗೆ ಹೋಗಿ ಮತ್ತೆ ವಾಪಸ್ ಬರೋದು ಮಗುವಿಗೆ ಎರಡನೇ ಸಲ ಅನಾಥವಾದಂತೆ. ಅಕ್ಕ ಭಾವನ ಮನೆಗೆ ಸಮಾಜಸೇವಕಿ ಬಂದು ಸಂಬಳ, ಸಾಲ, ಆರೋಗ್ಯ, ಅವರ ಜಗಳ ಹೇಗಿರುತ್ತೆ ಅನ್ನುವವರೆಗೆ ಎಲ್ಲಾ ಕೇಳಿ ಬರೆದುಕೊಂಡರು. ಬೆರಳಚ್ಚು ಹೋಯಿತು. ಕನಿಷ್ಠ ಹತ್ತು ಗಂಟೆಯ ತರಬೇತಿ ಕಡ್ಡಾಯ. ಜೊತೆಗೆ ಒಂದು ಉದ್ದನೆಯ ಪಟ್ಟಿ: ಈ ತೊಂದರೆ ನಿಭಾಯಿಸಬಲ್ಲಿರಾ, ಇದು? ಇದು? ಇಬ್ಬರೂ ಒಂದು ವಾರ ಕೂತು, ಒಂದೊಂದರ ಬಗ್ಗೆಯೂ ಓದಿ ತುಂಬಿದರು. ಕೆಲವಕ್ಕೆ 'ಇಲ್ಲ' ಅಂತಲೇ ಬರೆದರು. ಅದು ಕಷ್ಟದ ವಾರ ಅಂತ ಅಕ್ಕ ಈಗಲೂ ಹೇಳ್ತಾಳೆ. ಆದರೆ 'ಇಲ್ಲ' ಅನ್ನುವಾಗ ಎದುರಿಗೆ ಯಾವ ಮಗುವಿನ ಮುಖವೂ ಇರಲಿಲ್ಲ. ನಾನು ವಿರೋಧಿಸ್ತಿರೋದು ಬೇರೆಯದನ್ನ. ಎಲ್ಲಕ್ಕೂ ಹೂಂ ಅಂತ ಬರೆದುಕೊಟ್ಟು, ಮುಖ ನೋಡಿದ ಮೇಲೆ ಬಣ್ಣಕ್ಕೆ, ಮೂಗಿಗೆ, 'ನಮ್ಮ ಥರ ಕಾಣಲ್ಲ' ಅನ್ನೋದಕ್ಕೆ ಬೇಡ ಅನ್ನುತ್ತೀವಲ್ಲ, ಅದನ್ನ. ಮದುವೆ ಜಾಹೀರಾತಿನ ಚಟವನ್ನ ಮಕ್ಕಳ ಮೇಲೂ ತೋರಿಸೋದನ್ನ.

ಇನ್ನೊಂದು ವಾದ ಸ್ವಲ್ಪ ಗಟ್ಟಿಯಾದದ್ದು. "ವಿದೇಶಿ ದತ್ತು ಅಂದರೇ ದಂಧೆ. ಬಡದೇಶದ ಮಕ್ಕಳನ್ನ ಶ್ರೀಮಂತರು ಕೊಂಡುಕೊಳ್ಳೋದು. ನಿಲ್ಲಿಸಿಬಿಡಬೇಕು." ಇದನ್ನ ಹಗುರವಾಗಿ ತಳ್ಳಿಹಾಕೋಕಾಗಲ್ಲ. ದಕ್ಷಿಣ ಕೊರಿಯಾ ದಶಕಗಳ ಕಾಲ ಒಂದು ಲಕ್ಷ 40 ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಹೊರಗೆ ಕಳಿಸಿತು. ಅಪ್ಪ ಅಮ್ಮ ಇದ್ದ ಮಕ್ಕಳನ್ನೂ ಅನಾಥರು ಅಂತ ದಾಖಲೆಯಲ್ಲಿ ಬರೆದು ಕಳಿಸಿದ್ದು ಹೌದು ಅಂತ ಅಲ್ಲಿನ ಸತ್ಯಶೋಧನಾ ಆಯೋಗವೇ 2025ರ ಮಾರ್ಚಿನಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಧ್ಯಕ್ಷರೇ ಕ್ಷಮೆ ಕೇಳಿದರು. ನೆದರ್ಲೆಂಡ್ಸ್ 2021ರಲ್ಲಿ ಇಂಥ ಅಕ್ರಮಗಳ ವರದಿ ಬಂದ ಮೇಲೆ ಹೊರದೇಶದ ದತ್ತನ್ನೇ ತಡೆಹಿಡಿಯಿತು. ನಮ್ಮಲ್ಲೂ ಕದ್ದ ಮಕ್ಕಳು ದತ್ತಿನ ಹೆಸರಲ್ಲಿ ಹೊರಗೆ ಹೋದ ಪ್ರಕರಣಗಳು ಕೋರ್ಟು ಹತ್ತಿವೆ.

ಆದರೆ ಒಮ್ಮೆಲೇ ಬಾಗಿಲು ಹಾಕಿದರೆ ಏನಾಗುತ್ತೆ ಅನ್ನೋದನ್ನೂ ನೋಡಿ. ಅಕ್ಕನ ತರಬೇತಿ ತಂಡದಲ್ಲಿ ಒಂದು ಅಮೆರಿಕನ್ ದಂಪತಿ ಇದ್ದರು. 2019ರ ಕೊನೆಯಲ್ಲಿ ಚೀನಾದ ಒಬ್ಬ ಹುಡುಗನ ಜೊತೆ ಅವರ ಹೊಂದಾಣಿಕೆ ಆಗಿತ್ತು. ಫೋಟೋ ಗೋಡೆ ಮೇಲಿತ್ತು, ಹಾಸಿಗೆ ತಯಾರಿತ್ತು. ಕೋವಿಡ್ ಬಂತು, ಚೀನಾ ಎಲ್ಲ ನಿಲ್ಲಿಸಿತು. 2024ರ ಸೆಪ್ಟೆಂಬರಿನಲ್ಲಿ, ಹತ್ತಿರದ ಸಂಬಂಧಿಕರ ಮಕ್ಕಳನ್ನ ಬಿಟ್ಟು ಇನ್ನಾರನ್ನೂ ಹೊರಗೆ ದತ್ತು ಕೊಡೋದಿಲ್ಲ ಅಂತ ಘೋಷಿಸಿಬಿಟ್ಟಿತು. ಅಮೆರಿಕವೊಂದಕ್ಕೇ 82 ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಕಳಿಸಿದ ದೇಶ! ಹೊಂದಾಣಿಕೆ ಆಗಿ ಕಾಯುತ್ತಿದ್ದ ನೂರಾರು ಮನೆಗಳಿದ್ದವು. ಆ ಮನೆಯವರ ದುಃಖ ಒಂದು ಕಡೆ ಇರಲಿ, ಅವರು ಹೇಗೋ ಸಂಭಾಳಿಸಿಕೊಳ್ತಾರೆ. "ನಿನಗೊಬ್ಬ ಅಮ್ಮ ಬರ್ತಾಳೆ" ಅಂತ ಹೇಳಿಸಿಕೊಂಡು ನಾಲ್ಕೂವರೆ ವರ್ಷ ಕಾದ ಆ ಹುಡುಗನಿಗೆ ಉತ್ತರ ಕೊಟ್ಟವರು ಯಾರು?

ಅಕ್ರಮಕ್ಕೆ ಮದ್ದು ಬಾಗಿಲು ಮುಚ್ಚೋದಲ್ಲ, ಕಾಗದ ಗಟ್ಟಿ ಮಾಡೋದು. ಪುಟ್ಟಿಯನ್ನ ಒಪ್ಪಿದ ದಿನದಿಂದ ಅವಳು ಮನೆ ಸೇರುವವರೆಗೆ ಒಂದು ವರ್ಷದ ಹತ್ತಿರ ಹತ್ತಿರ ಹಿಡಿಯಿತು. ಎರಡೂ ಸರ್ಕಾರಗಳ ಒಪ್ಪಿಗೆ, ಕಾರಾದ ನಿರಾಕ್ಷೇಪಣಾ ಪತ್ರ, ಜಿಲ್ಲಾಧಿಕಾರಿಯ ಆದೇಶ, ಹೇಗ್ ಒಪ್ಪಂದದ ಪ್ರಮಾಣಪತ್ರ, ಪಾಸ್‌ಪೋರ್ಟು, ವೀಸಾ. 2022ರ ಸೆಪ್ಟೆಂಬರಿನಲ್ಲಿ ಆದೇಶ ಕೊಡುವ ಅಧಿಕಾರ ಕೋರ್ಟಿನಿಂದ ಜಿಲ್ಲಾಧಿಕಾರಿಗೆ ಹೋಯಿತಲ್ಲ, ಆ ಬದಲಾವಣೆಯ ನಡುವೆ ಅವರ ಕಡತ ಒಂದಿಷ್ಟು ಕಾಲ ಯಾರ ಮೇಜಿನ ಮೇಲೂ ಇರಲಿಲ್ಲ. ಆಗ ನನಗೂ ಸಿಟ್ಟು ಬಂದಿತ್ತು. ಕಡತ ಸುಮ್ಮನೆ ಬಿದ್ದಿರೋದಕ್ಕೆ ಸಿಟ್ಟು ಬರಲೇಬೇಕು. ಆದರೆ ಕಡತದಲ್ಲಿ ಅಷ್ಟು ಪುಟ ಯಾಕೆ ಅನ್ನೋದಕ್ಕೆ ಅಲ್ಲ. ಆ ಒಂದೊಂದು ಪುಟವೂ "ಈ ಮಗುವನ್ನ ಯಾರಿಂದಲೂ ಕಿತ್ತು ತಂದಿಲ್ಲ" ಅಂತ ಹೇಳುವ ಸಾಕ್ಷಿ. ಮನೆ ಸೇರಿದ ಮೇಲೂ ಎರಡು ವರ್ಷ ವರದಿ ಹೋಗುತ್ತೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ.

ಇದರ ಬದಲು ನಮ್ಮವರು ಹುಡುಕೋದು ಏನನ್ನ ಗೊತ್ತಾ? "ನಮಗೊಬ್ಬ ನರ್ಸ್ ಗೊತ್ತು, ಮದುವೆಯಾಗದ ಹುಡುಗಿ ಹೆರಿಗೆಗೆ ಬಂದಿದಾಳಂತೆ, ಇಷ್ಟು ಕೊಟ್ಟರೆ ಕೈಗೇ ಕೊಡ್ತಾರೆ." ಇದನ್ನ ನಮಗೂ ಒಬ್ಬರು ಪಿಸುಗುಟ್ಟಿದ್ದರು, ಉಪಕಾರ ಮಾಡುವ ಧಾಟಿಯಲ್ಲಿ. ಅದು ದತ್ತಲ್ಲ ಸ್ವಾಮಿ, ಮಗುವಿನ ಮಾರಾಟ. 2015ರ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನ ಪ್ರಕಾರ ಕೊಟ್ಟವರಿಗೂ ತಗೊಂಡವರಿಗೂ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ. ವಿದೇಶಿ ದತ್ತನ್ನ ದಂಧೆ ಅನ್ನುವ ಬಾಯಿ ಇದಕ್ಕೆ 'ಅಡ್ಜಸ್ಟ್‌ಮೆಂಟು' ಅನ್ನುತ್ತೆ.

ಕೊನೆಗೆ ಹೊಗಳುವವರ ಸರದಿ :) ಪುಟ್ಟಿಯನ್ನ ಕರಕೊಂಡು ಅಕ್ಕ ಮೊದಲ ಸಲ ಊರಿಗೆ ಬಂದಾಗ ಎಲ್ಲರದ್ದೂ ಒಂದೇ ಮಾತು. "ಎಂಥಾ ಪುಣ್ಯದ ಕೆಲಸ ಮಾಡಿದೆಯಮ್ಮಾ! ಅದೃಷ್ಟವಂತೆ ಮಗು, ಎಲ್ಲಿಂದೆಲ್ಲಿಗೆ ಬಂತು ನೋಡು!" ಅವಳ ಎದುರಿಗೇ. ಬೇಡ ಅಂದಿದ್ದ ಅದೇ ಬಾಯಿಗಳು.

ಅದೃಷ್ಟವಂತೆಯಾ? ಹೆತ್ತವಳನ್ನ ಕಳಕೊಂಡಿದ್ದಾಳೆ. ಕಲಿತಿದ್ದ ನಾಲ್ಕು ಮಾತು ಒಡಿಯಾದ್ದು, ಅದೂ ಹೋಯಿತು. ಬಂದ ಹೊಸದರಲ್ಲಿ ನಿದ್ದೆಯಲ್ಲಿ ಏನೋ ಅಳುತ್ತಾ ಹೇಳ್ತಿದ್ದಳಂತೆ, ಅಕ್ಕ ಅದನ್ನ ರೆಕಾರ್ಡ್ ಮಾಡಿ ನನಗೆ ಕಳಿಸಿದಳು. ನಾನು ಆಫೀಸಿನ ಒಡಿಯಾ ಸಹೋದ್ಯೋಗಿಗೆ ಕೇಳಿಸಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸಿ ಎಲ್ಲಿ ಅಂತ ಕೇಳ್ತಿದಾಳೆ" ಅಂದ. ಆಶ್ರಮದಲ್ಲಿ ನೋಡಿಕೊಳ್ತಿದ್ದ ಆಯಾ ಅದು. ನಮಗೆ ಮಗು ಸಿಕ್ಕ ಸಂಭ್ರಮದ ದಿನಗಳು ಅವಳಿಗೆ ಗೊತ್ತಿದ್ದ ಒಂದೇ ಆಸರೆ ಮತ್ತೆ ತಪ್ಪಿದ ದಿನಗಳು. ಅಂಥ ಮಗುವಿಗೆ 'ನೀನು ಋಣದಲ್ಲಿದ್ದೀಯ' ಅಂತ ದಿನಾ ನೆನಪಿಸಬೇಕಾ? ಅಕ್ಕ ಪುಣ್ಯ ಮಾಡಿಲ್ಲ. ಅವಳಿಗೊಬ್ಬ ಮಗಳು ಬೇಕಿತ್ತು, ಈ ಮಗುವಿಗೊಬ್ಬ ಅಮ್ಮ ಬೇಕಿತ್ತು. ನಿಮ್ಮ ಸ್ವಂತ ಮಕ್ಕಳನ್ನ ಸಾಕಿದ್ದಕ್ಕೆ ಯಾರಾದರೂ ನಿಮಗೆ ಪುಣ್ಯದ ಸರ್ಟಿಫಿಕೇಟು ಕೊಟ್ಟಿದ್ದಾರಾ?

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಯೋಜನೆ ಏನೂ ಇಲ್ಲ. ದತ್ತು ತಗೋಬೇಕು ಅಂತಿದ್ದರೆ ನೋಂದಣಿ ಮಾಡಿಸುವ ಮುನ್ನ, ಯಾವ ತೊಂದರೆ ನಿಮ್ಮಿಂದ ನಿಭಾಯಿಸಲು ಆಗುತ್ತೆ ಅಂತ ವೈದ್ಯರ ಹತ್ತಿರ ಕೂತು ತಿಳಿದುಕೊಳ್ಳಿ. ಎರಡು ವರ್ಷದೊಳಗೇ ಬೇಕು ಅನ್ನುವ ಹಟ ಬಿಡಿ, ಐದು ವರ್ಷದ ಮಗುವೂ ಅಮ್ಮಾ ಅನ್ನೋದನ್ನ ಕಲಿಯುತ್ತೆ. ದತ್ತು ತಗೊಳ್ಳುವ ಯೋಚನೆ ಇಲ್ಲದವರು ಕನಿಷ್ಠ ಬಾಯಿಗೆ ಬೀಗ ಹಾಕಿ. ನಿಮ್ಮ ತಂಗಿಯೋ ತಮ್ಮನೋ ಒಂದು ಮಗುವಿನ ಫೋಟೋ ತೋರಿಸಿದಾಗ ರಕ್ತ, ಜಾತಿ, ನಕ್ಷತ್ರ ಕೇಳಬೇಡಿ. ಆ 48 ಗಂಟೆಯಲ್ಲಿ ನೀವು ಸುಮ್ಮನಿದ್ದರೂ ಒಂದು ಮಗುವಿಗೆ ಈ ದೇಶದಲ್ಲೇ ಮನೆ ಸಿಗಬಹುದು.

ಪುಟ್ಟಿ ಈಗ ಶಾಲೆಗೆ ಹೋಗ್ತಿದ್ದಾಳೆ. ಅಂಗುಳಿನ ಆಪರೇಷನ್ ಆಗಿದೆ, ಮಾತಿನ ತರಬೇತಿ ನಡೀತಿದೆ. 'ಪ', 'ಬ' ಇನ್ನೂ ಸ್ವಲ್ಪ ಮೂಗಿನಲ್ಲಿ ಬರುತ್ತೆ. ಫೋನಿನಲ್ಲಿ ನನ್ನನ್ನ ಮಾಮಾ ಅಂತ ಕೂಗಿ, ಕನ್ನಡದಲ್ಲೇ ಜಗಳ ಆಡ್ತಾಳೆ. ದೊಡ್ಡಪ್ಪ ಈಗ ಅವಳ ಫೋಟೋವನ್ನ ವಾಟ್ಸಾಪಿಗೆ ಹಾಕಿಕೊಂಡಿದ್ದಾರೆ. ಒಳ್ಳೆಯದೇ, ನಾನೇನೂ ಅನ್ನಲಿಲ್ಲ. ಆದರೆ ಮೊನ್ನೆ ಅದೇ ದೊಡ್ಡಪ್ಪ "ನಮ್ಮ ದೇಶದ ಮಕ್ಕಳನ್ನ ಹೊರಗೆ ಯಾಕೆ ಕಳಿಸ್ತಾರೋ" ಅಂತ ಶುರು ಮಾಡಿದರು ನೋಡಿ, ಅದಕ್ಕೇ ಇಷ್ಟೆಲ್ಲ ಬರೆಯಬೇಕಾಯ್ತು.